ಭೀಮಣ್ಣನ ತೋರುಬೆರಳು

ಠಣ್! ಆಮೇಲೆ ಗಳಗಳ. ಆಮೇಲೆ ಬಹಳ ಹೊತ್ತು ಟಪ್... ಟಪ್...

ಕಾರಿನ ಹೊಟ್ಟೆಯ ಬೋಲ್ಟು ತಗಡಿನ ಬುಟ್ಟಿಗೆ ಬಿದ್ದು, ಅದರ ಹಿಂದೆಯೇ ಕರಿ ಎಣ್ಣೆ ಸುರಿದು, ಕೊನೆಗೆ ಹನಿಗೆ ಇಳಿಯುವ ಸದ್ದು ಅದು. ನಾನು ಓದಿದ ಕಾನ್ವೆಂಟಿನ ಪಿಯಾನೊ ಈಗ ಮರೆತುಹೋಗಿದೆ, ಜಹೀರಾಬಾದಿನ ಭೀಮಣ್ಣನ ಗ್ಯಾರೇಜಿನ ಈ ಮ್ಯೂಸಿಕ್ ಮಾತ್ರ ಮರೆತಿಲ್ಲ. ಹನಿ ನಿಲ್ಲುವ ತನಕ ಅವನು ಸ್ಟೂಲಿನ ಮೇಲೆ ತಲೆ ವಾಲಿಸಿ ಕೂತಿರುತ್ತಿದ್ದ. ನಾನು ಮಾತು ತೆಗೆದರೆ ಕೈ ಎತ್ತುತ್ತಿದ್ದ. "ಜರಾ ಸುಮ್ಮಿರ್ರಿ ಅಕ್ಕೋರ. ಗಾಡಿ ಉಸುರು ಬಿಡ್ಲಾಕತ್ತದ."

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಹಾಗಾಗಿ ಊರಿಗೆಲ್ಲ ಅಕ್ಕೋರು. ನನ್ನನ್ನು ಸುಮ್ಮನಿರಿಸಿದ ಗಂಡಸು ಅವನೊಬ್ಬನೇ.

ಮೊಗುಡಂಪಲ್ಲಿಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದ. ಖಾಕಿ ಅಂಗಿ, ಅದರ ಕಿಸೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ. ಅಷ್ಟು ವರ್ಷದಲ್ಲಿ ಆ ಕರವಸ್ತ್ರಕ್ಕೆ ಒಂದು ಹನಿ ಎಣ್ಣೆ ತಾಗಿದ್ದನ್ನು ನಾನು ಕಂಡಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಒಂದು ಕ್ಯಾಲೆಂಡರು. ಅಂಗಳದಲ್ಲಿ ನೆಲಕ್ಕೆ ಹಾಸುವ ತಾಂಡೂರಿನ ಫರ್ಸಿ ಕಲ್ಲು ಪೇರಿಸಿ, ಸಿಮೆಂಟು ಹಾಕಿ, ತಾನೇ ಕಟ್ಟಿಕೊಂಡ ಎರಡು ಇಳಿಜಾರು. ಕಾರು ಅವನ್ನೇರಿ ನಿಂತರೆ ಕೆಳಗೆ ಮನುಷ್ಯ ಹಾಯಾಗಿ ಮಲಗಬಹುದು. ಗಿರಾಕಿಗಳ ಜೊತೆ ತೆಲುಗು, ಬಿಡಿಭಾಗದ ಅಂಗಡಿಯವರ ಜೊತೆ ದಖನಿ ಉರ್ದು, ಎಂಜಿನ್ನಿನ ಜೊತೆ ಕನ್ನಡ. ಯಾಕೆ ಹೀಗೆ ಅಂತ ಕೇಳಿದ್ದೆ. "ಮನ್ಯಾಗಿನ ಮಾತಾಡಿದ್ರ ಅದು ಖರೇ ಹೇಳ್ತದ್ರಿ" ಅಂದ.

ಖರೇನೇ ಹೇಳುತ್ತಿತ್ತು. ಹಳೇ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ತೀಡಿ ಓದುತ್ತಿದ್ದ. ಒಂದು ಸಲ ಮುಚ್ಚಳದ ಒಳಗೆ ಅಂಟಿದ ಬೆಳ್ಳನೆಯ ನೊರೆ ತೋರಿಸಿ, "ಬರೇ ಬಾಜಾರಿಗಿ ಹೋಗಿ ಬಂದೀರಿ, ಗಾಡಿ ಬಿಸೀನೇ ಆಗಿಲ್ಲ. ಎರಡು ತಿಂಗಳಾತು ತಾಂಡೂರಿಗಿ ತಂಗಿ ಮನಿಗಿ ಹೋಗಿಲ್ಲ. ಜಗಳ ಆಡೀರಿ?" ಅಂದ.

"ನಿಮಗ್ಯಾರು ಹೇಳಿದ್ರು?"

"ಎಣ್ಣಿ ಹೇಳ್ತು. ಹೋಗಿ ಬರ್ರಿ. ನಿಮಗೂ ಛಲೋ, ಗಾಡಿಗೂ ಛಲೋ."

ಹೋಗಿ ಬಂದೆ. ತಂಗಿಯ ಜೊತೆ ರಾಜಿ ಮಾಡಿಸಿದ್ದು ಒಂದು ಎಂಜಿನ್ ಅಂತ ಅವಳಿಗೆ ಇವತ್ತಿಗೂ ನಾನು ಹೇಳಿಲ್ಲ.

ಅವನ ಕೆಲಸದಲ್ಲಿ ನಾನು ತಪ್ಪದೆ ನೋಡುತ್ತಿದ್ದ ಒಂದು ಗಳಿಗೆ ಇತ್ತು. ಎಣ್ಣೆ ಸೋಸುವ ಹಳೇ ಫಿಲ್ಟರ್ ಬಿಚ್ಚಿದ ಮೇಲೆ ಎಂಜಿನ್ನಿನ ಬಾಯಿಯ ಸುತ್ತ ತೋರುಬೆರಳನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಿದ್ದ. ಹಳೆಯ ರಬ್ಬರ್ ರಿಂಗು ಒಮ್ಮೊಮ್ಮೆ ಅಲ್ಲೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆ ಹೊಸ ರಿಂಗು ಕೂತರೆ ನಾಲ್ಕು ದಿನ ತಡೆದು, ಐದನೇ ದಿನ ಬಾಯಿ ಬಿಡುತ್ತದೆ. "ಒಂದೇ ಮನ್ಯಾಗ ಇಬ್ರು ಯಜಮಾನರು ಇದ್ದಂಗ್ರಿ. ಸೋರದೇ ಇರ್ತದೇನು?"

ಹಾಗೆ ಹೇಳಿದವನೇ ನನ್ನ ಕಾರಿನಲ್ಲಿ ಇಬ್ಬರು ಯಜಮಾನರನ್ನು ಕೂಡಿಸಿದ.

ಎಣ್ಣೆ ಬದಲಾಯಿಸಿಕೊಂಡು ಒಂದು ವಾರವೂ ಆಗಿರಲಿಲ್ಲ. ತಾಂಡೂರಿನಿಂದ ವಾಪಸ್ ಬರುತ್ತಿದ್ದೆ. ಸ್ಟೀರಿಂಗಿನ ಮುಂದೆ ಎಣ್ಣೆಯ ಕೆಂಪು ದೀಪ ಹತ್ತಿತು. ಕೆಂಪು ದೀಪ ಬಂದರೆ ಮುಂದಿನ ಊರು ತನಕ ಅನಬ್ಯಾಡ್ರಿ, ನಿಂತಲ್ಲೇ ಬಂದ್ ಮಾಡ್ರಿ ಅಂತ ಅವನೇ ಕಲಿಸಿದ್ದ. ಬಂದ್ ಮಾಡಿದೆ. ಇಳಿದು ನೋಡಿದರೆ ಕಲ್ಲಿನ ಪುಡಿಯಿಂದ ಬೆಳ್ಳಗಾದ ರಸ್ತೆಯ ಮೇಲೆ ನನ್ನ ಹಿಂದೆ ಉದ್ದಕ್ಕೂ ಕರಿ ಗೆರೆ. ಫರ್ಸಿ ಕಲ್ಲು ಹೇರಿಕೊಂಡು ಬರುತ್ತಿದ್ದ ಲಾರಿಯವನೊಬ್ಬ ನಿಲ್ಲಿಸಿ, ಕೆಳಗೆ ತೂರಿ, ಫಿಲ್ಟರ್ ಬಿಚ್ಚಿ ಎರಡು ರಿಂಗು ನನ್ನ ಕೈಗಿಟ್ಟ. ಹರಿಯದೆ ಉಳಿದಿದ್ದ ಒಂದನ್ನೇ ಒರೆಸಿ ಮತ್ತೆ ಕೂಡಿಸಿ, ತನ್ನ ಕ್ಯಾನಿನಿಂದ ಎಣ್ಣೆ ಹಾಕಿ ಕೇಳಿದ: "ಯಾವ ಕತ್ತೆ ಮಾಡ್ಯಾನಮ್ಮ ಇದು?"

"ಗೊತ್ತಿಲ್ಲಪ್ಪ" ಅಂದೆ. ಕಾನ್ವೆಂಟಿನಲ್ಲಿ ಓದಿದವಳು ನಡುರಸ್ತೆಯಲ್ಲಿ ನಿಂತು ಶುದ್ಧ ಸುಳ್ಳು ಹೇಳಿದೆ.

ಮನೆ ಮುಟ್ಟುವ ತನಕ ಒಂದೊಂದೇ ನೆನಪಾಯಿತು. ಆ ದಿನ ಅವನು ಬೆರಳು ತಿರುಗಿಸಿರಲಿಲ್ಲ. ಕಾಲಬುಡದಲ್ಲೇ ಬಿದ್ದ, ಬೋಲ್ಟು ಬಿಚ್ಚುವ ಪಾನಾ ಅವನಿಗೆ ಸಿಕ್ಕಿರಲಿಲ್ಲ. ಪಕ್ಕಕ್ಕೆ ನೋಡಲು ಇಡೀ ಕುತ್ತಿಗೆ ತಿರುಗಿಸುತ್ತಿದ್ದ. ಬೋರ್ಡು ಕಾಣದೆ ಪಕ್ಕದವರದ್ದು ನೋಡಿ ಬರೆಯುವ ಹಿಂದಿನ ಬೆಂಚಿನ ಮಕ್ಕಳನ್ನು ನಾನು ಬೇಕಾದಷ್ಟು ಹಿಡಿದಿದ್ದೇನೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ನಾವೇ ಗುರುತಿಸಬೇಕು.

ಪಕ್ಕದ ಮನೆಯ ಬೀಜದಂಗಡಿಯ ವೈಜನಾಥನಿಗೆ ಎಣ್ಣೆ ಸೋರಿದ್ದು ತಿಳಿಯಲು ಬಾನೆಟ್ಟಿನ ವಾಸನೆಯೇ ಸಾಕಾಯಿತು. "ಹೈವೇ ಶೋರೂಮಿಗಿ ಕೊಡ್ರಿ ಅಕ್ಕೋರ. ಎಸಿಯಾಗ ಕೂತು ಚಾ ಕುಡದು ಬರ್ರಿ. ಇಲ್ಲಾಂದ್ರ ಫೋನಿನಾಗ ವಿಡಿಯೋ ನೋಡಿ ನೀವೇ ಮಾಡ್ಕೋರಿ, ಭಾಳ ಧೈರ್ಯದವರು!" ಎಂದು ನಕ್ಕ.

ಎರಡೂ ಆಗುತ್ತಿತ್ತು. ಆದರೆ ಗ್ಯಾರೇಜು ಬಿಟ್ಟ ಕಾರಣ ಕೇಳಿದವರಿಗೆ ನಾನು ಒಂದು ಮಾತು ಹೇಳಿದರೆ ಸಾಕು, ಭೀಮಣ್ಣನ ಶಟರ್ ಇಳಿಯುತ್ತಿತ್ತು. ಹೇಳದೆ ಸುಮ್ಮನಿದ್ದರೆ ಮುಂದಿನ ಕಾರಿನವನು ನನ್ನ ಹಾಗೆ ನಿಲ್ಲಿಸುತ್ತಾನೆ ಅಂತ ಏನು ಗ್ಯಾರಂಟಿ?

ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಹೋಗಿ, ಹರಿದ ಆ ರಿಂಗು ಅವನ ಅಂಗೈಗೆ ಹಾಕಿ, ಎರಡು ಕೂತಿದ್ದವು ಅಂದೆ. ತೀಡಿ ನೋಡಿದ.

"ನಂದೇ?"

"ನಿಮ್ದೇ."

"ಬಾಜುಕಿಂದು ಕಾಣವಲ್ದ್ರಿ ಅಕ್ಕೋರ. ಎರಡೂ ಕಡಿ ಪರದಾ ಎಳದಂಗ ಆಗ್ಯಾದ. ಹೋದದ್ದು ವಾಪಸ್ ಬರಂಗಿಲ್ಲ ಅಂತ ಹೈದ್ರಾಬಾದಿನ ಡಾಕ್ಟರ್ ಹೇಳ್ಯಾನ."

"ಕಣ್ಣಿಗೆ ಆಗ್ಯದ, ಸರಿ. ಬೆರಳಿಗೇನಾಗಿತ್ತು? ಯಾಕ ತಿರುಗಿಸಲಿಲ್ಲ?"

ತಲೆ ತಗ್ಗಿಸಿದ. "ಮಂದಿ ಮುಂದ ತಡಕಾಡಿದ್ರ ಕುರುಡ ಅಂತಾರಲ್ರಿ."

"ಮೊದ್ಲೂ ತಡಕಾಡ್ತಿದ್ರಿ."

"ಆವಾಗ ಉಸ್ತಾದ್ ಅಂತಿದ್ರು."

ಉತ್ತರ ಇಲ್ಲದಾಗ ಟೀಚರುಗಳು ಮಾಡುವುದನ್ನೇ ಮಾಡಿದೆ, ಆರ್ಡರ್ ಕೊಟ್ಟೆ. "ಇನ್ನು ಮ್ಯಾಲ ನನ್ನ ಗಾಡಿ ಎಣ್ಣಿ ನಾನೇ ಹಾಕ್ತೀನಿ. ಇಲ್ಲೇ, ನಿಮ್ಮ ಕಲ್ಲಿನ ಮ್ಯಾಲೇ. ನೀವು ಕಲಸ್ರಿ. ನಿಮ್ಮ ಫೀಸು ನಿಮಗೆ."

"ಈ ವಯಸ್ಸಿನಾಗ ಗಾಡಿ ಕೆಳಗ ಮಲಗ್ತೀರಿ?"

"ಕೈ ಹಿಡಿದು ಎಬ್ಬಿಸಾಕ ನೀವಿದ್ದೀರಲ್ಲ."

ನನ್ನ ಮೊದಲ ಪಾಠಕ್ಕೆ ವೈಜನಾಥನಿಂದ ಹಿಡಿದು ಅರ್ಧ ಓಣಿಯೇ ಬಂದು ನಿಂತಿತ್ತು. ಬೋಲ್ಟನ್ನು ಉಲ್ಟಾ ತಿರುಗಿಸಿದೆ. "ಗ್ರಾಮರ್ ತಪ್ಪ್ಯದ ಅಕ್ಕೋರ!" ಅಂತ ಭೀಮಣ್ಣ ಸ್ಟೂಲಿನಿಂದ ಕೂಗಿದ. ಸರಿಯಾಗಿ ತಿರುಗಿಸಿದಾಗ ಮೊಣಕೈ ತನಕ ಎಣ್ಣೆ ಬಂತು. ಫಿಲ್ಟರ್ ಬಿಚ್ಚಿ ಬೆರಳಿಟ್ಟೆ.

"ಕಣ್ಣು ಮುಚ್ರಿ" ಅಂದ.

"ಯಾಕೆ?"

"ಕಣ್ಣು ಅವಸರ ಮಾಡ್ತದ. ಬೆರಳು ಮಾಡಂಗಿಲ್ಲ."

ಮುಚ್ಚಿದೆ. ತಣ್ಣಗಿನ ಲೋಹದ ಸುತ್ತ ಬೆರಳು ಒಂದು ಸುತ್ತು ಹೋಗಿ, ಹೊರಟಲ್ಲಿಗೇ ಬಂದು ಸೇರಿತು. ಎಲ್ಲೂ ತಡೆಯಲಿಲ್ಲ. "ಸಾಫ್ ಅದ ಭೀಮಣ್ಣ" ಅಂದೆ. ಡಿಗ್ರಿ ಸಿಕ್ಕ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಆಗ ಅವನು ಎದ್ದು, ನೆರೆದವರ ಕಡೆಗೆ ಕುತ್ತಿಗೆ ಪೂರಾ ತಿರುಗಿಸಿ, ತಾನಾಗಿಯೇ ಹೇಳಿದ. "ನನಗ ಬಾಜುಕಿಂದು ಕಾಣಂಗಿಲ್ಲ. ಇನ್ನು ಮ್ಯಾಲ ಬೆರಳಿನಿಂದ ನೋಡಿ ಮಾಡ್ತೀನಿ, ಟೈಮ್ ಹಿಡಿತದ. ಒಪ್ಪಿದವರು ಗಾಡಿ ನಿಲ್ಲಸ್ರಿ, ಒಪ್ಪದವರು ಹೈವೇಕ ಹೋಗ್ರಿ." ಕೆಲವರು ಹೋದರು. ಉಳಿದವರಲ್ಲಿ ವೈಜನಾಥನೂ ಒಬ್ಬ. "ಶೋರೂಮಿನ ಚಾ ಭಾಳ ಸಪ್ಪಗದ" ಅಂದ, ಕಾರಣ ಅಂತ.

ಎರಡು ವರ್ಷ ಹಾಗೇ ನಡೆಯಿತು. ಒಂದು ಕಾರೂ ಸೋರಿಕೊಂಡು ವಾಪಸ್ ಬರಲಿಲ್ಲ. ಆಮೇಲೆ ಮುಂದಿನ ನೋಟವೂ ಮಸುಕಾಗತೊಡಗಿದಾಗ, ಯಾರೂ ಹೇಳುವ ಮುಂಚೆ ತಾನೇ ಗ್ಯಾರೇಜು ಮುಚ್ಚಿ ನಾರಾಯಣಖೇಡದ ಮಗಳ ಮನೆಗೆ ಹೊರಟ. ಮರುವರ್ಷ ಅಲ್ಲೇ ತೀರಿಕೊಂಡ. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನು ಹೊರಟ ದಿನ ಬೆಳಿಗ್ಗೆ ಆ ಕಲ್ಲಿನ ಮೇಲೆ ಕೊನೆಯದಾಗಿ ನಿಂತದ್ದು ನನ್ನ ಕಾರು. ಪ್ರಯಾಣದ ಬಟ್ಟೆಯಲ್ಲೇ ಬಂದವನು ನನ್ನ ಕೆಲಸವನ್ನು ಕಿವಿಯಿಂದಲೇ ನೋಡುತ್ತಿದ್ದ. ಫಿಲ್ಟರ್ ಬಿಚ್ಚಿ ನಾನು ಸರಿದು ಜಾಗ ಬಿಟ್ಟೆ. "ಒಂದು ಸಲ ನೀವು ನೋಡ್ರಿ" ಅಂದೆ. ಬಿಳಿ ಅಂಗಿಯಲ್ಲೇ ಕೆಳಗೆ ತೂರಿ, ಕಣ್ಣು ಮುಚ್ಚಿ, ಬೆರಳನ್ನು ಒಂದು ಸುತ್ತು ತಿರುಗಿಸಿದ. "ಸಾಫ್. ಕೂಡಸ್ರಿ." ಹೊರಗೆ ಬಂದು ಕಿಸೆಯ ಕರವಸ್ತ್ರ ತೆಗೆದು, ಮೊದಲ ಸಲ, ಅದಕ್ಕೆ ಬೆರಳು ಒರೆಸಿಕೊಂಡ.

ಬಸ್‌ಸ್ಟ್ಯಾಂಡಿಗೆ ನಾನೇ ಬಿಟ್ಟೆ. ಬಸ್ಸು ಹೊರಬಂದಾಗ ನನ್ನ ಕಾರು ಅದರ ಪಕ್ಕದಲ್ಲೇ ಇತ್ತು. ಕಿಟಕಿಯಲ್ಲಿ ಕೂತ ಅವನು ನೆಟ್ಟಗೆ ಮುಂದೆ ನೋಡುತ್ತ ನನ್ನನ್ನು ಹುಡುಕುತ್ತಿದ್ದ. ಬಾಜುಕಿದ್ದ ನಾನು ಕಾಣಲಿಲ್ಲ. ಹಾರ್ನ್ ಹೊಡೆದೆ. ಆ ಸದ್ದು ಅವನಿಗೆ ಗೊತ್ತು. ಕುತ್ತಿಗೆ ಪೂರಾ ತಿರುಗಿಸಿ, ಉಗುರಿನಂಚಿನಲ್ಲಿ ಇನ್ನೂ ಕಪ್ಪು ಉಳಿದಿದ್ದ ತೋರುಬೆರಳನ್ನು ಕಿಟಕಿಯ ಹೊರಗೆ ಎತ್ತಿ, ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದ.