ಮಂಡಿನೋವಿಗೆ ಬಿದ್ದ ಸೊನ್ನೆ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಗುಬ್ಬಿಯಲ್ಲಿ ಬಸ್ಸಿಳಿಯುವಾಗ ಚೇಳೂರಿನ ಹೂವಿನಮ್ಮನ ಮಂಡಿ ಕುಸಿದು ಅವರು ಕೆಳಗೆ ಬಿದ್ದರು. ಬಸ್ಸಿನ ಚಕ್ರ ಅವರ ತಲೆಗೆ ಗೇಣು ದೂರದಲ್ಲಿ ನಿಂತಿದ್ದು, ಅಲ್ಲೇ ಇದ್ದ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಹಿಂದಿನ ವಾರವಷ್ಟೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾನೇ ಮಂಡಿನೋವಿನ ಫಾರಂ ಹಿಡಿದು ಅವರನ್ನು ಕೇಳಿದ್ದೆ. ಸ್ಟೂಲು ಕೊಟ್ಟರೂ ಗೋಡೆಗೊರಗಿ ನಿಂತೇ ಇದ್ದರು.

'ಕೆಳಗೆ ಕೂತು ಏಳೋಕೆ ಕಷ್ಟನಾ?'

'ಇಲ್ಲ ಬುಡಪ್ಪ.'

'ಮಂಡಿ ಊರೋಕೆ?'

'ಇಲ್ಲ ಬುಡಪ್ಪ.'

ಎಲ್ಲಕ್ಕೂ ಸೊನ್ನೆ, ಅಂದರೆ 'ಕಷ್ಟವಿಲ್ಲ' ಎಂದು ಹಾಕಿದೆ. ಡಾಕ್ಟರು ಅವರನ್ನು ಕರೆಸಲಿಲ್ಲ.

ಬಿದ್ದ ಮೇಲೆ ಕೇಳಿದೆ, 'ಯಾಕಮ್ಮ ಸುಳ್ಳು ಹೇಳಿದ್ರಿ?'

'ಸುಳ್ಳೆಲ್ಲಿ? ಕೂತ್ರೆ ತಾನೆ ಕಷ್ಟ? ನಾನು ಕೆಳಗೆ ಕೂತು ಎರಡು ವರ್ಷ ಆಯ್ತು.'

ತಪ್ಪು ಅವರದೋ, ನನ್ನದೋ, ಪ್ರಶ್ನೆಯದೋ, ಇಂದಿಗೂ ತಿಳಿದಿಲ್ಲ.

ಕೊನೆಗೆ ಮಂಡಿಯ ಆಪರೇಷನ್ ಆಗಿ ಎಷ್ಟೋ ದಿನ ನೋವಿಗೆ ಅವರು ಮಲಗಲಿಲ್ಲ, ಚಕ್ರ ನೆನೆದು ನಾನೂ ಮಲಗಲಿಲ್ಲ. ಒಂದು ಬೆಳಿಗ್ಗೆ ನಾನು ಫಾರಂ ತೆಗೆಯುವ ಮೊದಲೇ ಅವರು ಹೇಳಿದರು:

'ರಾತ್ರಿ ಒಂದೇ ನಿದ್ದೆ ಕಣಪ್ಪ, ಕೋಳಿ ಕೂಗಿದ್ದೂ ಗೊತ್ತಾಗ್ಲಿಲ್ಲ. ಇದ್ನ ಬರ್ಕೊ.'