ಮೆಣಸಿನಕಾಯಿ ಚೀಲದ ಮೇಲಿನ ಕಮಿಟಿ

ನಮ್ಮ ಶಾಲೆಯ ಸುಧಾರಣಾ ಸಮಿತಿ ಶಾಲೆಯೊಳಗೇ ಸಭೆ ಸೇರಿದ್ದನ್ನು ನಾನು ನೋಡಿದ್ದು ಒಂದೇ ಸಲ. ಮಿಕ್ಕ ಸಭೆಗಳೆಲ್ಲ ಬ್ಯಾಡಗಿ ಪೇಟೆಯಲ್ಲಿ, ಮೆಣಸಿನಕಾಯಿ ಚೀಲಗಳ ಮೇಲೆ ನಡೆದವು.

ಎಂಬತ್ತರ ದಶಕದ ಮಾತಿದು. ಕುಪ್ಪೇಲೂರಿನ ಕಡೆಯವನಾದ ನಾನು ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತಿ, ಮೋಟೆಬೆನ್ನೂರಿನಲ್ಲಿ ಇಳಿದು, ಅಲ್ಲಿಂದ ಹೊಲದ ದಾರಿ ಹಿಡಿದು ಹೋಗಿ ಮಾಸ್ತರನಾಗಿ ಸೇರಿಕೊಂಡ ಊರು ಅದು. ನಾಲ್ಕನೇ ತರಗತಿಯ ತನಕ ನಾಲ್ಕು ಇಯತ್ತೆ, ಎರಡು ಕೋಣೆ, ಹೆಡ್‌ಮಾಸ್ತರರು ಮತ್ತು ನಾನು. ಸಮಿತಿಯವರೆಲ್ಲ ಮೆಣಸಿನಕಾಯಿ ಬೆಳೆಯುವವರೇ. ಸುಗ್ಗಿ ಬಂತೆಂದರೆ ಅವರನ್ನು ಊರಲ್ಲಿ ಹಿಡಿಯುವುದು ಆಗದ ಮಾತು. ಪೇಟೆಯಲ್ಲಿ ಚೀಲ ಇಳಿಸಿ, ಲಿಲಾವು, ಅಂದರೆ ಹರಾಜು, ಕೂಗುವ ತನಕ ಕಾಯುತ್ತ ಕೂತಾಗ ಮಾತ್ರ ಎಲ್ಲರಿಗೂ ಪುರುಸೊತ್ತು. ಹೀಗಾಗಿ ಹೆಡ್‌ಮಾಸ್ತರರು ಚೀಟಿಯೊಂದರ ಮೇಲೆ ವಿಷಯಗಳನ್ನು ಬರೆದು ನನ್ನನ್ನು ಪೇಟೆಗೆ ಅಟ್ಟುತ್ತಿದ್ದರು. ನಾನು ಚೀಲದಿಂದ ಚೀಲಕ್ಕೆ ಹೋಗಿ ಕೇಳಿಕೊಂಡು ಬರುತ್ತಿದ್ದೆ. ಸೀನು, ಕೆಮ್ಮು, ಕಣ್ಣೀರುಗಳ ನಡುವೆ ಹಂಚು ರಿಪೇರಿಯಾಗಲಿ ನೀರಿನ ಹಂಡೆಯಾಗಲಿ ತೀರ್ಮಾನವಾಗುತ್ತಿತ್ತು. ಮರುದಿನ ಅದನ್ನೆಲ್ಲ ನೆನಪಿನಿಂದ ನಡಾವಳಿ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ಮೊದಲ ವಾಕ್ಯ ಸದಾ ಒಂದೇ: ‘ಈ ದಿವಸ ಮುಂಜಾನೆ ಹನ್ನೊಂದು ಗಂಟೆಗೆ ಶಾಲೆಯ ಆವರಣದಲ್ಲಿ ಸಭೆ ಸೇರಲಾಗಿ.’ ಸದಸ್ಯರು ಹಾದಿಯಲ್ಲಿ ಹೋಗುವಾಗ ಎತ್ತು ನಿಲ್ಲಿಸಿ ಬಂದು ಸಹಿ ಮಾಡಿ ಹೋಗುತ್ತಿದ್ದರು.

ಒಂದನೇ ಇಯತ್ತೆಗೆ ಕಲಿಸುವ ಅಕ್ಕೋರನ್ನು ಆರಿಸಿದ್ದೂ ಹಾಗೆ, ಚೀಲದ ಮೇಲೆಯೇ.

ಒಂದನೇ ಇಯತ್ತೆಯ ಮಕ್ಕಳನ್ನು ನೋಡಿಕೊಳ್ಳುವವರಿರಲಿಲ್ಲ. ನಾವಿಬ್ಬರು ದೊಡ್ಡ ಮಕ್ಕಳಿಗೇ ಸಾಲುತ್ತಿರಲಿಲ್ಲ. ಆ ದಿನ ಸಮಿತಿಯ ಏಕೈಕ ಹೆಂಗಸು, ಹೆಬ್ಬೆಟ್ಟು ಒತ್ತುವ ಒಬ್ಬ ಅಜ್ಜಿ, ತನ್ನ ಚೀಲದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು.

“ಏ ಮಾಸ್ತರ, ನಿಮ್ಮ ಸಾಲಿ ಅಂದ್ರ ಏನಂತೀನಿ. ನನ್ನ ಮೊಮ್ಮಗ ದಿನಾ ಹೊಕ್ಕಾನ, ದಿನಾ ಪಾಟಿ ಒರಿಸಿಕೊಂಡ ಬರ್ತಾನ. ಒಂದ ಅಕ್ಷರ ಬರಂಗಿಲ್ಲ.”

“ಇಬ್ಬರ ಅದೇವಿ ಯಮ್ಮಾ, ಏನ ಮಾಡೂಣು?” ಎಂದೆ.

“ನಮ್ಮ ಓಣ್ಯಾಗ ಮುಸಲರ ಹುಡುಗಿ ಒಬ್ಬಾಕಿ ಅದಾಳಲ್ಲ, ಟ್ರೇನಿಂಗ್ ಮುಗಿಸಿ ಮನ್ಯಾಗ ಕುಂತಾಳ. ಆಕೀನ ಕರಸ್ರಿ. ಮನಿಗೆ ಒಂದೀಟು ಜ್ವಾಳ ಎತ್ತಿ ಕೊಟ್ರಾತು.”

ಅಧ್ಯಕ್ಷರು ಹೊಲದ ಜೊತೆಗೆ ಊರಲ್ಲಿ ಕಿರಾಣಿ ಅಂಗಡಿಯನ್ನೂ ಇಟ್ಟವರು. ಟವೆಲಿನಿಂದ ಮೂಗು ಮುಚ್ಚಿಕೊಂಡೇ ಹೇಳಿದರು: “ಆತ ಬಿಡ್ರಿ. ಅಜ್ಜಿ ಹೇಳಿದ ಮ್ಯಾಲ ಮುಗೀತು. ಇಲ್ಲಾಂದ್ರ ಊರಿಗೆ ಹೋಗೂತನಾ ಗಾಡ್ಯಾಗ ನನ್ನ ಕಿವಿ ತಿಂತಾಳ.”

ಎಲ್ಲರೂ ನಕ್ಕರು, ನಕ್ಕು ಕೆಮ್ಮಿದರು. ಅಷ್ಟೇ ನೇಮಕಾತಿ.

ಮರುದಿನ ನಾನು ಪುಸ್ತಕ ತೆಗೆದಾಗ ಹೆಡ್‌ಮಾಸ್ತರರು ನನ್ನ ಪೆನ್ನಿನ ಮೇಲೆ ಕೈ ಇಟ್ಟರು. “ಅದೊಂದ ಬರೀಬ್ಯಾಡ. ಇಲಾಖೆಯವರ ಕಣ್ಣಿಗೆ ಬಿದ್ರ ‘ಯಾರ ಆರ್ಡರ್ ಮ್ಯಾಲ ತಗೊಂಡ್ರಿ’ ಅಂತಾರ. ಒಂದನೇತ್ತೆ ನಿನ್ನ ಹೆಸರಿನ್ಯಾಗ ಇರಲಿ.” ಅವರು ಕೆಟ್ಟವರಲ್ಲ. ಹುಡುಗಿಯನ್ನು ಯಾರೂ ಬಿಡಿಸಬಾರದೆಂದೇ ಹಾಗೆ ಹೇಳಿದರು. ನಾನು ಬರೆಯಲಿಲ್ಲ.

ಆಕೆ ಆರು ವರ್ಷ ಕಲಿಸಿದರು. ನನಗಿಂತ ಚಿಕ್ಕವರಾದರೂ ಮಕ್ಕಳ ಬಾಯಲ್ಲಿ ಅಕ್ಕೋರು, ಹಾಗಾಗಿ ನನಗೂ ಅಕ್ಕೋರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ನಮ್ಮದೇ ಬಿರುಸು ಕನ್ನಡ. ತಮ್ಮ ಓಣಿಯಿಂದ ಕನ್ನಡ ಬಾರದೆ ಬರುವ ಮಕ್ಕಳನ್ನು ಮೊದಲ ವಾರ ಅವರ ಮಾತಿನಲ್ಲೇ ನಗಿಸಿ, ಎರಡನೆಯ ವಾರಕ್ಕೆ ಕನ್ನಡದಲ್ಲಿ ಜಗಳ ಮಾಡಲು ಕಲಿಸಿಬಿಡುತ್ತಿದ್ದರು. “ಜಗಳಾ ಬಂತಂದ್ರ ಭಾಷಾ ಬಂತ ನೋಡ್ರಿ,” ಎನ್ನುತ್ತಿದ್ದರು. ಅಕ್ಷರ ಕಲಿಸಲು ಹುಣಸೆ ಬೀಜ. ನೆಲದ ಮೇಲೆ ಬೀಜ ಜೋಡಿಸಿ ಜೋಡಿಸಿ ಮಕ್ಕಳ ಬೆರಳಿಗೆ ಅಕ್ಷರದ ತಿರುವು ಹತ್ತುತ್ತಿತ್ತು.

ತಪಾಸಣೆಗೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂದ ದಿನ ಅಕ್ಕೋರು ಶಾಲೆಗೆ ಬರುತ್ತಿರಲಿಲ್ಲ. ಯಾರೂ ಹೇಳಿದ್ದಿಲ್ಲ, ತಾವೇ ಅಜ್ಜಿಯ ಮನೆಯಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಒಂದನೇ ಇಯತ್ತೆಯ ಮುಂದೆ ನಾನು ನಿಲ್ಲುತ್ತಿದ್ದೆ. ಮಕ್ಕಳು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಡುತ್ತಿದ್ದರು. ಮೂರನೆಯ ವರ್ಷ ಸಾಹೇಬರು ನನ್ನ ಬೆನ್ನು ತಟ್ಟಿ, ಭೇಟಿ ಪುಸ್ತಕದಲ್ಲಿ ‘ಒಂದನೇ ಇಯತ್ತೆಯ ಶಿಕ್ಷಕರ ಶ್ರಮ ಮೆಚ್ಚತಕ್ಕದ್ದು’ ಎಂದು ಬರೆದರು. ಸಂಜೆ ಅದನ್ನು ಅಕ್ಕೋರಿಗೆ ತೋರಿಸಿದೆ. “ಚಲೋ ಆತ್ರಿ,” ಎಂದರು. ಖರೇ ಸಂತೋಷವಾಗಿತ್ತು ಅವರಿಗೆ. ನನಗೂ ಆಗ ಏನೂ ಅನ್ನಿಸಲಿಲ್ಲ.

ಆರನೆಯ ವರ್ಷದ ಕೊನೆಗೆ ಸರಕಾರಿ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದರು. ಹಳ್ಳಿಯ ಶಾಲೆಗಳಲ್ಲಿ ಕಲಿಸಿದವರಿಗೆ ಮೊದಲ ಆದ್ಯತೆ, ಆದರೆ ನಡಾವಳಿ ಪುಸ್ತಕದಲ್ಲಿ ಶಾಲಾ ಸಮಿತಿ ಬರೆದ ನಿರ್ಣಯದ, ಅಂದರೆ ಠರಾವಿನ, ನಕಲು ಇರಬೇಕು. ಅಕ್ಕೋರಿಗೆ ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು. ಈ ಸಲ ಬಿಟ್ಟರೆ ಇಲ್ಲ.

ಆಗಲೇ ಸಮಿತಿ ಮೊದಲ ಬಾರಿಗೆ ಶಾಲೆಯಲ್ಲಿ ಸೇರಿದ್ದು. ಲಿಲಾವಿನ ದಿನವಾದರೂ ಪೇಟೆ ಬಿಟ್ಟು ಬಂದರು. ಮಕ್ಕಳ ಮಣೆಗಳ ಮೇಲೆ ಮಂಡಿ ಮಡಚಿ ಕೂತರು. ಅಕ್ಕೋರು ಬಾಗಿಲ ಹತ್ತಿರ ನಿಂತಿದ್ದರು.

“ಬರೀರಿ ಮಾಸ್ತರ,” ಎಂದರು ಅಧ್ಯಕ್ಷರು, “ಆರ ವರ್ಷ ಅಂತ ಬರೀರಿ. ಎಲ್ಲಾರೂ ಸಹಿ ಹಾಕ್ತೇವಿ.”

“ಇವತ್ತ ಬರದ್ರ ಇವತ್ತಿಂದ ಆಕ್ಕೈತ್ರಿ,” ಎಂದರು ಹೆಡ್‌ಮಾಸ್ತರರು. ಪುಸ್ತಕದ ಹಾಳೆಗಳನ್ನು ತಿರುವಿ ತೋರಿಸಿದರು. ಪುಟಗಳಿಗೆ ನಂಬರು, ನಡುವೆ ಒಂದು ಸಾಲೂ ಖಾಲಿಯಿಲ್ಲ. ನಾನು ನೀಟಾಗಿ ಬರೆಯುವವನು.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. “ಇಷ್ಟ ದಪ್ಪ ಪುಸ್ತಕದಾಗ ಆಕೀದು ಒಂದ ಮಾತ ಇಲ್ಲೇನು? ಮತ್ತ ನಾನು ವರ್ಷಾ ಹೆಬ್ಬಟ್ಟ ಒತ್ತಿದ್ದು ಯಾತಕ್ಕ?”

“ಹಂಚಿಗೆ, ಹಂಡೇಕ,” ಎಂದರು ಅಧ್ಯಕ್ಷರು. ಯಾರೂ ನಗಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿದರು. “ಮಾಸ್ತರ, ಒಂದ ದಾರಿ ಐತಿ. ‘ಒಂದನೇತ್ತೆ ನಾ ಕಲಿಸಿಲ್ಲ, ಈಕಿ ಕಲಿಸ್ಯಾಳ’ ಅಂತ ನೀವ ಬರದ ಕೊಡ್ರಿ. ನಾವೆಲ್ಲಾ ಸಾಕ್ಷಿ.”

“ಹಂಗ ಬರದ್ರ ಈತನ ನೌಕರಿಗೆ ಸಂಚಕಾರ,” ಎಂದರು ಹೆಡ್‌ಮಾಸ್ತರರು. “ಸಾಹೇಬರು ಬರದದ್ದೂ ಸುಳ್ಳಾಕ್ಕೈತಿ. ನಂದೂ ಹೊಕ್ಕೈತಿ.”

ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ಅದನ್ನು ಕಾರಣವೆಂದು ಹೇಳುತ್ತಿಲ್ಲ. ಆ ಹೊತ್ತಿಗೆ ಅದು ನೆನಪಿಗೂ ಬರಲಿಲ್ಲ. ಸುಮ್ಮನೆ ಪೆನ್ನಿನ ಮುಚ್ಚಳ ಹಾಕುತ್ತಿದ್ದೆ, ತೆಗೆಯುತ್ತಿದ್ದೆ. ನನ್ನ ಕೈಗಳನ್ನು ಯಾರವೋ ಎಂಬಂತೆ ನೋಡುತ್ತಿದ್ದೆ.

“ಬ್ಯಾಡ್ರಿ,” ಎಂದರು ಬಾಗಿಲಲ್ಲಿದ್ದ ಅಕ್ಕೋರು. “ಬರೇ ಒಂದ ಪತ್ರಾ ಕೊಡ್ರಿ. ಮಾಸ್ತರ ನನ್ನ ಜೋಡಿ ಹಾವೇರಿಗೆ ಬಂದು ಬಾಯಲೆ ಹೇಳಿದ್ರ ಸಾಕು.”

ಅಧ್ಯಕ್ಷರ ಅಂಗಡಿಯ ಕಾಗದದ ಮೇಲೆ ಪತ್ರ ಬರೆದೆವು. ಎಲ್ಲರೂ ಸಹಿ ಮಾಡಿದರು. ಅಜ್ಜಿ ಮಾತ್ರ ಹೆಬ್ಬೆಟ್ಟು ಒತ್ತುವ ಮುಂಚೆ, “ಏನ ಬರದೀರಿ, ಓದ್ರಿ,” ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ಹಾಗೆ ಕೇಳಿದ್ದು ಅದೇ ಮೊದಲು. ಓದಿ ಹೇಳಿದೆ.

ಹಾವೇರಿಯ ಇಲಾಖೆ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದ ಗುಮಾಸ್ತರು ವಯಸ್ಸಾದವರು, ಸಮಾಧಾನಿ. ನಮಗೆ ಕುರ್ಚಿ ಕೊಟ್ಟರು. ಪತ್ರವನ್ನು ಎರಡು ಸಲ ಓದಿದರು.

“ಪತ್ರಾ ಛಲೋ ಐತಿ. ಠರಾವು?”

“ಠರಾವು ಬರದಿಲ್ರಿ,” ಎಂದೆ.

“ತಪಾಸಣಿ ವರದಿ ಇಲ್ಲೇ ಅದಾವ.” ಅವರು ಎದ್ದು ಕಪಾಟಿನಿಂದ ಫೈಲು ತಂದು ಧೂಳು ಕೊಡವಿದರು. ಬೆರಳಿಟ್ಟು ಓದಿದರು. ತಲೆಯೆತ್ತಿ ನನ್ನನ್ನು ನೋಡಿದರು. “ಇಲ್ಲೆ ನಿಮ್ಮ ಹೆಸರೈತಲ್ರೀ ಮಾಸ್ತರ. ಛಲೋ ಶಿಫಾರಸೂ ಐತಿ. ನೀವ ಬಾಯಲೆ ಹೇಳ್ರಿ, ನಾ ಷರಾ ಬರಕೋತೀನಿ. ಒಂದನೇ ಇಯತ್ತೆ ಯಾರು ಕಲಸ್ತಿದ್ರು?”

ಪೆನ್ನು ಹಿಡಿದು ಕಾದರು. ಹಿಂದೆ ಸಾಲಿನಲ್ಲಿ ನಿಂತವರು ಯಾರೋ ಕೆಮ್ಮಿದರು. ಅಕ್ಕೋರು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಗೋಂದಿನ ಡಬ್ಬಿಯನ್ನು ನೋಡುತ್ತಿದ್ದರು.

“ಪುಸ್ತಕದಾಗ ಇದ್ದಂಗ್ರಿ,” ಎಂದೆ.

ಗುಮಾಸ್ತರು ಪೆನ್ನು ಕೆಳಗಿಟ್ಟರು. ಪತ್ರವನ್ನು ಮಡಚಿ ಅಕ್ಕೋರ ಕೈಗೆ ಕೊಟ್ಟರು. “ಹಂಗಾದ್ರ ಆದ್ಯತಾದಾಗ ಬರಂಗಿಲ್ಲವ್ವಾ ತಂಗಿ. ಸಾದಾ ಅರ್ಜಿ ಅಂತ ಇಟಗೋತೀನಿ.” ಸಾದಾ ಅರ್ಜಿಗಳು ಆ ಮೇಜಿನ ಪಕ್ಕದಲ್ಲೇ ನೆಲದ ಮೇಲೆ ಮೊಣಕಾಲೆತ್ತರ ಇದ್ದವು.

ಬಸ್ಸಿನಲ್ಲಿ ಆಕೆ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಮೋಟೆಬೆನ್ನೂರಿನಲ್ಲಿ ಇಳಿದು ಹೊಲದ ದಾರಿಯಲ್ಲಿ ನಡೆದೆವು. ಇಕ್ಕೆಲಗಳಲ್ಲಿ ಹೊಲ ಖಾಲಿಯಾಗಿತ್ತು. ನಾಚಿಕೆಯೆಂದರೆ ನಾಚಿಕೆಯೂ ಆಗಲಿಲ್ಲ. ಕೂತ ಕಾಲು ಜೋಮು ಹಿಡಿದಂತೆ ಒಳಗೆಲ್ಲ ಮಂದವಾಗಿತ್ತು, ಅಷ್ಟೇ. ಆ ಮಂದ ಬಹಳ ವರ್ಷ ಹಾಗೆಯೇ ಉಳಿಯಿತು. ಅದು ಕರಗಿ ನೋವಾಗಲಿ ಎಂದು ಕಾದದ್ದೂ ಉಂಟು.

ಊರು ಕಾಣತೊಡಗಿದಾಗ ಆಕೆ ತಿರುಗಿ, ಏನೂ ಆಗದವರಂತೆ ಕೇಳಿದರು: “ನಾಳೆ ಒಂದನೇತ್ತೆ ಪರೀಕ್ಷಾ ಐತ್ರಿ. ಪೇಪರ್ ನಾನ ತಿದ್ದಲ್ಯೋ, ನೀವ ತಿದ್ತೀರೋ?”

“ನೀವ ತಿದ್ರಿ ಅಕ್ಕೋರ.”

“ಆತ್ರಿ. ಸಹಿ ನೀವ ಹಾಕ್ರಿ.”

ಮರುದಿನ ಅವರು ತಿದ್ದಿ, ಅಂಕಪಟ್ಟಿಯನ್ನು ಅಂದವಾಗಿ ಗೆರೆ ಹೊಡೆದು ನನ್ನ ಮೇಜಿನ ಮೇಲಿಟ್ಟು ಹೋದರು. ಕೆಳಗೆ ‘ವರ್ಗ ಶಿಕ್ಷಕರು’ ಎಂದು ತಾವೇ ಬರೆದು ಜಾಗ ಬಿಟ್ಟಿದ್ದರು. ನಾನು ಸಹಿ ಹಾಕಿದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಅವರು ಬರಲಿಲ್ಲ.