ಟ್ಯಾಂಕಿನ ಕೆಳಗಿನ ತಾಮ್ರದ ಕಾಸು

ನನ್ನ ಗಂಡ ಜಯತೀರ್ಥರಿಗೆ ಮನೆಯ ನಲ್ಲಿ ಸೋರಿದರೆ ಕಿವಿಯೇ ಕೇಳಿಸುವುದಿಲ್ಲ. ಆದರೆ ಹೂಗ್ಲಿ ದಂಡೆಯ ದೋಣಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಇವರು ಕೂರಿಸಿದ ಡೀಸೆಲ್ ಟ್ಯಾಂಕು ಒಂದೂ ಸೋರಿರಲಿಲ್ಲ. ಅಲ್ಯೂಮಿನಿಯಂ ಟ್ಯಾಂಕನ್ನು ಹಲಗೆಯ ಮೇಲೆ ಹಾಗೇ ಇಡಬಾರದಂತೆ. ಕೆಳಗೆ ನೀರು ಹೀರದ ರಬ್ಬರ್ ಪಟ್ಟಿ ಬೇಕಂತೆ, ಸುತ್ತ ಗಾಳಿಯಾಡಬೇಕಂತೆ, ತಾಮ್ರವಂತೂ ಸೋಕಲೇಬಾರದಂತೆ, ಸೋಕಿದರೆ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದಂತೆ. ಕಲ್ಕತ್ತೆಯ ಡಮ್ ಡಮ್‌ನ ಎರಡು ಕೋಣೆಯ ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಇದನ್ನೇ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ.

ಇಷ್ಟು ಕೇಳಿಯೂ, ಹೋದ ವರ್ಷ ವಿಶ್ವಕರ್ಮ ಪೂಜೆಯ ದಿನ ದೇವರ ಪೆಟ್ಟಿಗೆಯಿಂದ ತಾಮ್ರದ ಕಾಸೊಂದನ್ನು ಇವರ ಕೈಗಿಟ್ಟವಳು ನಾನೇ. ಆಗಷ್ಟೇ ಇವರ ಎದೆನೋವು ಇಳಿದಿತ್ತು.

"ಹೊಸಾ ಟ್ಯಾಂಕಿನ ಕೆಳಗ ಇಡ್ರಿ, ನನ್ನ ಸಮಾಧಾನಕ್ಕ."

ನನ್ನ ಕಾಟಕ್ಕೆ ಸೋತು, ಪಾಪ, ಇಟ್ಟರು. ಪೂಜೆ ಮುಗಿದ ಮೇಲೆ ತೆಗೆದರಾಯಿತು ಎಂದುಕೊಂಡವರು ಮರೆತರು.

ಈ ವರ್ಷ ಆ ಟ್ಯಾಂಕು ಕೂರಿಸಿದ್ದ ಲಾಂಚ್ ದೋಣಿ ಡೀಸೆಲ್ ವಾಸನೆ ಹೊತ್ತು ಕಾರ್ಖಾನೆಗೆ ವಾಪಸು ಬಂತು. ನೋಯುವ ಸೊಂಟ ಹಿಡಿದುಕೊಂಡೇ ಇವರು ಡೆಕ್ ಬಿಚ್ಚಿಸಿ ಟ್ಯಾಂಕು ಎತ್ತಿಸಿದರು. ತಳಕ್ಕೆ ಕಾಸು ಅಂಟಿಕೊಂಡಿತ್ತು, ಅದರಡಿ ತೂತು. ಯಾರೂ ನೋಡುವ ಮೊದಲೇ ಕಾಸನ್ನು ಜೇಬಿಗೆ ಹಾಕಿಕೊಂಡರು. ತೂತು ಬೆಸುಗೆಯ ಪಕ್ಕದಲ್ಲೇ ಇದ್ದುದರಿಂದ, ಮ್ಯಾನೇಜರು ವೆಲ್ಡರ್ ಮಾಧವನದೇ ತಪ್ಪೆಂದು ಅವನನ್ನು ಕೆಲಸದಿಂದ ತೆಗೆಯಲು ಹೊರಟರು.

ಮನೆಗೆ ಬಂದು, ತೊಯ್ದ ಅಂಗಿಯನ್ನೂ ತೆಗೆಯದೆ, ಹಸಿರುಗಟ್ಟಿದ ಕಾಸನ್ನು ನನ್ನೆದುರಿಗಿಟ್ಟರು. "ಸಾಕಾಗೇದ, ವಾಸಂತಿ."

"ಗಂಗಾದಾಗ ಒಗದು ಬರ್ರಿ. ಯಾರೂ ನೋಡಿಲ್ಲಲಾ!"

ಹೌದು, ಹಾಗೇ ಅಂದೆ. ನನಗೆ ನನ್ನ ಗಂಡ ಹೆಚ್ಚು, ಮಾಧವ ಯಾರು? ಇವರು ಉಣ್ಣಲಿಲ್ಲ. ಬೆಳಿಗ್ಗೆ ಕಾಸು ತೆಗೆದುಕೊಂಡು ಕಾರ್ಖಾನೆಗೆ ಹೋದರು.

ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದರು: "ಮಾಧವ ಉಳದಾ. ನನಗ ಇನ್ನ ಟ್ಯಾಂಕ್ ಮುಟ್ಟಬ್ಯಾಡ ಅಂದ್ರು. ನಾಳಿಂದ ಸ್ಟೋರ್ ರೂಮು."

"ನಾ ಕೊಟ್ಟಿದ್ದು ಅಂತ ಹೇಳಬೇಕಿಲ್ಲೇನ್ರಿ?" ನನಗೆ ಅಳು ತಡೆಯಲಾಗಲಿಲ್ಲ.

"ಇಟ್ಟ ಕೈ ನಂದು. ಊಟಕ್ಕ ಬಡಸು."

ಮರುದಿನ ಇವರು ಹೊರಟಾಗ, ದೇವರ ಪೆಟ್ಟಿಗೆಯತ್ತ ನೋಡಲೂ ಹೆದರಿ ನಾನು ಬಾಗಿಲಲ್ಲಿ ನಿಂತಿದ್ದೆ. ಇವರೇ ಅಂಗೈ ಚಾಚಿದರು.

"ಇನ್ನೊಂದು ಕಾಸಿದ್ರ ಕೊಡು. ಸ್ಟೋರ್‌ನಾಗ ಟ್ಯಾಂಕ್ ಇರಂಗಿಲ್ಲ."